ಹೋಲ್‌ಸ್ಟರ್‌ನಲ್ಲಿದ್ದ ಪಿಸ್ತೂಲಿನಿಂದ ಗುಂಡು ತಾನಾಗಿ ಹಾರುತ್ತದೆಯೇ? ಸಿಗ್ ಸಾವರ್ ಪಿ320 ವಿವಾದ

ಮಿಷಿಗನ್ ಕನ್ನಡಿಗ

ಅಮೆರಿಕದಲ್ಲಿ ಬಂದೂಕಿನ ಮಾತೆತ್ತಿದರೆ ಸಾಕು, ಅದು ಚುನಾವಣಾ ಭಾಷಣವಾಗಿ ಮುಗಿಯುತ್ತದೆ. ಇಲ್ಲಿ ಅದು ಬೇಡ. ಜನರ ಬಳಿ ಬಂದೂಕು ಇರಬೇಕೇ ಎಂಬುದು ನನ್ನ ಪ್ರಶ್ನೆಯಲ್ಲ. ಮಾರಿದ ಬಂದೂಕಿನಲ್ಲಿ ದೋಷವಿದೆ ಎಂಬ ಅನುಮಾನ ಬಂದಾಗ ಅದನ್ನು ಯಾರು, ಹೇಗೆ ತೀರ್ಮಾನಿಸಬೇಕು ಎಂಬುದಷ್ಟೇ ಪ್ರಶ್ನೆ.

ಗೊತ್ತಿಲ್ಲದವರಿಗಾಗಿ ಹಿನ್ನೆಲೆ. ಸಿಗ್ ಸಾವರ್ ಕಂಪನಿ 2014ರಲ್ಲಿ ಪಿ320 ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. 2017ರ ಜನವರಿಯಲ್ಲಿ ಅಮೆರಿಕದ ಸೇನೆ ತನ್ನ ಹಳೆಯ ಬೆರೆಟ್ಟಾ ಎಂ9 ಬದಲಿಗೆ ಇದನ್ನೇ ಆರಿಸಿ ಎಂ17, ಎಂ18 ಎಂದು ಹೆಸರಿಟ್ಟಿತು. ಒಪ್ಪಂದದ ಗರಿಷ್ಠ ಮೊತ್ತ 58 ಕೋಟಿ ಡಾಲರ್. ಅದೇ ವರ್ಷದ ಆಗಸ್ಟ್‌ನಲ್ಲಿ ಒಮಾಹಾ ಔಟ್‌ಡೋರ್ಸ್ ಎಂಬ ಅಂಗಡಿಯವರು ಪಿ320 ಅನ್ನು ಕೈಯಿಂದ ಕೆಳಗೆ ಬೀಳಿಸಿ ವಿಡಿಯೊ ಹಾಕಿದರು. ಪಿಸ್ತೂಲಿನ ಹಿಂಭಾಗ ಒಂದು ನಿರ್ದಿಷ್ಟ ಓರೆಯಲ್ಲಿ ನೆಲಕ್ಕೆ ತಾಗಿದರೆ ಒಳಗಿನ ತೋಟಾ ಸಿಡಿಯುತ್ತಿತ್ತು. ಡಲ್ಲಾಸ್ ಪೊಲೀಸರು ಬಳಕೆಯನ್ನು ನಿಲ್ಲಿಸಿದರು. ಎಲ್ಲ ಮಾನದಂಡಗಳನ್ನೂ ಮುಟ್ಟಿದ್ದೇವೆ ಎನ್ನುತ್ತಿದ್ದ ಕಂಪನಿ ಆಗಸ್ಟ್ 8ರಂದು ಉಚಿತವಾಗಿ ಬಿಡಿಭಾಗ ಬದಲಿಸಿಕೊಡುತ್ತೇವೆ ಎಂದು ಘೋಷಿಸಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಬದಲಿಗೆ, ಬೀಳಿಸದೆ, ಬೆರಳಿಡದೆ, ಸೊಂಟದ ಹೋಲ್‌ಸ್ಟರ್‌ನಲ್ಲಿ (ಪಿಸ್ತೂಲಿಡುವ ಚೀಲದಲ್ಲಿ) ಇದ್ದಂತೆಯೇ ಗುಂಡು ಹಾರಿತು ಎನ್ನುವ ದೂರುಗಳು ಶುರುವಾದವು. 2023ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮತ್ತು ಬಂದೂಕಿನ ಸುದ್ದಿಗಳನ್ನೇ ಬರೆಯುವ ದಿ ಟ್ರೇಸ್ ಜೊತೆಯಾಗಿ ತನಿಖೆ ಮಾಡಿದಾಗ ಹೀಗೆ ಹೇಳುವವರ ಸಂಖ್ಯೆ ನೂರು ದಾಟಿತ್ತು. ಅವರಲ್ಲಿ ಕನಿಷ್ಠ 80 ಮಂದಿ ಗಾಯಗೊಂಡಿದ್ದರು. ದೂರಿದವರಲ್ಲಿ ದಿನವೂ ಆಯುಧ ಹಿಡಿಯುವ ಪೊಲೀಸರೇ ಬಹಳ. ಕಂಪನಿಯದು ಒಂದೇ ಮಾತು: ಟ್ರಿಗರ್ ಎಳೆಯದೆ ಪಿ320 ಯಾವ ಸಂದರ್ಭದಲ್ಲೂ ಸಿಡಿಯುವುದಿಲ್ಲ.

ನಾನು ಕಾರಿನ ಬಿಡಿಭಾಗಗಳ ವಿನ್ಯಾಸದಲ್ಲಿ ಕೆಲಸ ಮಾಡುವವನು. ನಮ್ಮ ಉದ್ಯಮದಲ್ಲಿ ಇಂಥ ನೂರು ದೂರು ಬಂದು, "ಚಾಲಕನದೇ ತಪ್ಪು" ಎಂದು ಹೇಳಿ ಕೂತರೆ ಕಂಪನಿ ಉಳಿಯುವುದಿಲ್ಲ. ನಿಮ್ಮ ಅಭಿಪ್ರಾಯ ತಿಳಿಸಿ.

ಸಂಶಯಾತ್ಮ

ಲಕ್ಷಗಟ್ಟಲೆ ಪಿಸ್ತೂಲುಗಳು, ಅದರಲ್ಲಿ ನೂರು ದೂರು. ಪೊಲೀಸನೊಬ್ಬ ಠಾಣೆಯಲ್ಲಿ ತನ್ನ ಕಾಲಿಗೆ ತಾನೇ ಗುಂಡು ಹಾರಿಸಿಕೊಂಡರೆ "ಬೆರಳು ಟ್ರಿಗರ್ ಮೇಲಿತ್ತು ಸಾರ್" ಎನ್ನುತ್ತಾನೆಯೇ? ಕೆಲಸ ಹೋಗುತ್ತದೆ. "ತಾನಾಗಿ ಹಾರಿತು" ಎಂದರೆ ರಜೆ, ಪರಿಹಾರ, ವಕೀಲರು ಎಲ್ಲವೂ ಸಿಗುತ್ತವೆ.

ವಯೋಮಿಂಗ್‌ನ ಎಫ್.ಇ. ವಾರನ್ ವಾಯುನೆಲೆಯ ಪ್ರಕರಣವನ್ನೇ ನೋಡಿ. 2025ರ ಜುಲೈನಲ್ಲಿ ಒಬ್ಬ ಯುವ ಸೈನಿಕ ಎಂ18 ಗುಂಡಿನಿಂದ ಸತ್ತ. ಪಿಸ್ತೂಲು ತಾನಾಗಿ ಸಿಡಿಯಿತು ಎಂದು ಸುದ್ದಿಯಾಯಿತು, ಆ ನೆಲೆ ಸೇರಿದ ವಾಯುಪಡೆಯ ಕಮಾಂಡ್ (ವಿಭಾಗ) ಎಂ18 ಬಳಕೆಯನ್ನೇ ನಿಲ್ಲಿಸಿತು, ಅಂತರ್ಜಾಲವಿಡೀ ಸಿಗ್ ಕಂಪನಿಗೆ ಶಾಪ ಹಾಕಿತು. ಮರುತಿಂಗಳೇ ಸಹೋದ್ಯೋಗಿಯೊಬ್ಬನ ಬಂಧನವಾಯಿತು. ಆಮೇಲೆ ಇನ್ನಿಬ್ಬರು, ತನಿಖೆಯಲ್ಲಿ ಸುಳ್ಳು ಹೇಳಿದ್ದೆವು ಎಂದು ಒಪ್ಪಿಕೊಂಡರು. ಪಿಸ್ತೂಲಿನ ಪಾಡಿಗೆ ಪಿಸ್ತೂಲು ಇತ್ತು.

ನಡುಮನೆ

ಇಬ್ಬರ ಮಾತೂ ಸರಿ ಎನಿಸುತ್ತಿದೆ. ಆದರೆ ಟ್ರಿಗರ್ ಎಳೆಯದೆ ಒಳಗೆ ಏನು ಜಾರಿ ಗುಂಡು ಹಾರಬಹುದು ಎಂದು ಯಾರಾದರೂ ಬಿಡಿಸಿ ಹೇಳಿ. ನಾನು ಬಂದೂಕನ್ನು ಹತ್ತಿರದಿಂದ ನೋಡಿದ್ದು ಬ್ಯಾಂಕಿನ ಕಾವಲುಗಾರನ ಹೆಗಲಲ್ಲಿ ಮಾತ್ರ.

ನಿವೃತ್ತ ಆರ್ಮರರ್

ನಾನು ಹೇಳುತ್ತೇನೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧ ದುರಸ್ತಿಯ ಕೆಲಸದಲ್ಲಿದ್ದವನು. ಈಶಾಪುರದ 9 ಎಂಎಂ ಪಿಸ್ತೂಲು, .38 ರಿವಾಲ್ವರ್, ಕೊನೆಕೊನೆಗೆ ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲು, ಇವನ್ನು ಬಿಚ್ಚಿ ಜೋಡಿಸಿಯೇ ಬೆರಳು ಸವೆದವು. ಪಿ320ರ ಒಳಗನ್ನು ಅದರ ಬಿಡಿಚಿತ್ರಗಳಿಂದ ಬಲ್ಲೆ.

ರಿವಾಲ್ವರ್‌ನಲ್ಲಿ ಹ್ಯಾಮರ್, ಅಂದರೆ ಪೆಟ್ಟು ಕೊಡುವ ಸುತ್ತಿಗೆ, ಹೊರಗೇ ಇರುತ್ತದೆ. ಎದ್ದಿದೆಯೋ ಬಿದ್ದಿದೆಯೋ ಕಣ್ಣಿಗೆ ಕಾಣುತ್ತದೆ. ಸ್ಟ್ರೈಕರ್ ಮಾದರಿಯ ಪಿಸ್ತೂಲಿನಲ್ಲಿ ಹ್ಯಾಮರ್ ಇಲ್ಲ. ಸ್ಲೈಡಿನೊಳಗೆ, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗದೊಳಗೆ, ಸ್ಪ್ರಿಂಗ್ ಹಾಕಿದ ಒಂದು ಕಡ್ಡಿ ಇರುತ್ತದೆ, ಅದೇ ಸ್ಟ್ರೈಕರ್. ಅದರ ಅಡಿಯಲ್ಲಿ ಪಾದದಂತಹ ಸಣ್ಣ ಚಾಚು. ಸಿಯರ್ ಎಂಬ ಕೊಕ್ಕೆ ಆ ಪಾದವನ್ನು ತಡೆದು ಹಿಡಿದಿರುತ್ತದೆ. ಟ್ರಿಗರ್ ಎಳೆದಾಗ ಕೊಕ್ಕೆ ತಗ್ಗುತ್ತದೆ, ಕಡ್ಡಿ ಮುನ್ನುಗ್ಗಿ ತೋಟಾದ ಕೇಪಿಗೆ, ಅಂದರೆ ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಭಾಗಕ್ಕೆ, ಬಡಿಯುತ್ತದೆ. ಕೊಕ್ಕೆಗೂ ಪಾದಕ್ಕೂ ನಡುವಿನ ಹಿಡಿತದ ಅಗಲ ಉಗುರಿನ ಅಂಚಿನಷ್ಟು. ಆಯುಧದ ಜಾತಕವೆಲ್ಲ ಆ ಅಂಚಿನಲ್ಲಿದೆ.

ಗ್ಲಾಕ್‌ನಲ್ಲಿ ಸ್ಲೈಡ್ ಎಳೆದು ಬಿಟ್ಟಾಗ ಸ್ಪ್ರಿಂಗ್ ಅರೆಬರೆ ಮಾತ್ರ ಬಿಗಿದಿರುತ್ತದೆ. ಉಳಿದದ್ದನ್ನು ಟ್ರಿಗರ್ ಎಳೆಯುವ ಬೆರಳೇ ಬಿಗಿಯಬೇಕು. ಪಿ320ರಲ್ಲಿ ಹೆಚ್ಚುಕಡಿಮೆ ಪೂರ್ತಿ ಬಿಗಿದು ಕೂತಿರುತ್ತದೆ. ಟ್ರಿಗರ್‌ಗೆ ಉಳಿದ ಕೆಲಸ ಬಿಡುವುದಷ್ಟೇ. ಆದ್ದರಿಂದಲೇ ಅದರ ಟ್ರಿಗರ್ ನಯವಾಗಿದೆ, ಗುರಿಕಾರರು ಮೆಚ್ಚುತ್ತಾರೆ.

ಇನ್ನೊಂದು ಕಾವಲು ಇದೆ. ಸಿಯರ್ ಜಾರಿದರೂ ಸ್ಟ್ರೈಕರ್ ಮುಂದೆ ಹೋಗದಂತೆ ಅಡ್ಡ ನಿಲ್ಲುವ ಒಂದು ತಡೆ ಸ್ಲೈಡಿನಲ್ಲೇ ಇರುತ್ತದೆ. ಟ್ರಿಗರ್ ಹಿಂದಕ್ಕೆ ಬಂದಾಗ ಮಾತ್ರ ಅದು ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಗುಂಡು ತಾನಾಗಿ ಹಾರಬೇಕಾದರೆ ಸಿಯರ್ ಜಾರಬೇಕು, ತಡೆಯೂ ಕೈಕೊಡಬೇಕು. ಒಂದೇ ಕ್ಷಣದಲ್ಲಿ ಎರಡೂ. ಕಾಗದದ ಮೇಲೆ ಇದು ಆಗದ ಮಾತು. ಆದರೆ ಟ್ರಿಗರ್ ಒಂದಿಷ್ಟು ಹಿಂದಕ್ಕೆ ಸರಿದಿದ್ದರೆ, ಅಂಗಿಯ ಅಂಚು ಸಿಕ್ಕಿಕೊಂಡೋ ಹೋಲ್‌ಸ್ಟರ್‌ನ ಅಂಚು ಒತ್ತಿಯೋ, ತಡೆ ಆಗಲೇ ಸರಿದಿರುತ್ತದೆ. ಆಮೇಲೆ ಉಳಿಯುವುದು ಆ ಉಗುರಿನ ಅಂಚೊಂದೇ. ಅಂಥ ಹೊತ್ತಿನಲ್ಲಿ ಸ್ಲೈಡ್ ಅಲುಗಾಡಿದರೆ ಏನಾಗಬಹುದು ಎಂಬುದೇ ಇಡೀ ಜಗಳದ ಮೂಲ.

ನಡುಮನೆ

ಈಗ ತಿಳಿಯಿತು ಸರ್, ಧನ್ಯವಾದ. ನಾನು ಸೇಫ್ಟಿ ಎಂದರೆ ಹೊರಗಿನ ಒಂದು ಗುಂಡಿ ಎಂದುಕೊಂಡಿದ್ದೆ.

ನಿವೃತ್ತ ಆರ್ಮರರ್

ಹೊರಗಿನ ಗುಂಡಿಯೂ ಇರಬಹುದು. ಸೇನೆ ಕೊಂಡ ಎಂ17, ಎಂ18ಗಳಲ್ಲಿ ಹೆಬ್ಬೆರಳಿಗೆ ಸಿಗುವ ಸೇಫ್ಟಿ ಇದೆ. ಜನಸಾಮಾನ್ಯರಿಗೂ ಪೊಲೀಸರಿಗೂ ಮಾರಿದ ಪಿ320ಗಳಲ್ಲಿ ಬಹುಪಾಲಿಗೆ ಅದಿಲ್ಲ. ಗ್ಲಾಕ್‌ಗೂ ಹೆಬ್ಬೆರಳ ಸೇಫ್ಟಿ ಇಲ್ಲ, ಆದರೆ ಟ್ರಿಗರ್‌ನ ನಡುವೆ ಒಂದು ಸಣ್ಣ ನಾಲಿಗೆ ಇದೆ. ಬೆರಳು ನೇರವಾಗಿ ಅದರ ಮೇಲೆ ಕೂತು ಒತ್ತದಿದ್ದರೆ ಟ್ರಿಗರ್ ಹಿಂದಕ್ಕೆ ಬರುವುದಿಲ್ಲ. ಪಿ320ರ ಟ್ರಿಗರ್ ಬರೀ ಬೋಳು.

ಮಿಷಿಗನ್ ಕನ್ನಡಿಗ

ಆರ್ಮರರ್ ಸರ್ ಹೇಳಿದ ನಾಲಿಗೆಯ ವಿಷಯವನ್ನು ಹಿಡಿದು 2017ರ ಪ್ರಕರಣಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ಯಾವ ಊಹೆಯೂ ಇಲ್ಲ.

ಪಿಸ್ತೂಲು ಹಿಂಭಾಗ ಕೆಳಗಾಗಿ ಬಿದ್ದಿತು ಎನ್ನಿ. ನೆಲಕ್ಕೆ ತಾಗಿದ ಕ್ಷಣ ಚೌಕಟ್ಟು ನಿಲ್ಲುತ್ತದೆ, ಆದರೆ ಟ್ರಿಗರ್ ತನ್ನದೇ ತೂಕದ ರಭಸದಿಂದ ಹಿಂದಕ್ಕೆ ಚಲಿಸುತ್ತಲೇ ಇರುತ್ತದೆ. ಹಳೆಯ ಪಿ320ರ ಟ್ರಿಗರ್ ಭಾರವಾಗಿತ್ತು. ಆ ರಭಸವೇ ಒಳಗಿನ ತಡೆಯನ್ನು ಸರಿಸಿ ಸಿಯರನ್ನೂ ಇಳಿಸುತ್ತಿತ್ತು. ಬೆರಳಿಲ್ಲದೆ ಟ್ರಿಗರ್ ಎಳೆದಂತಾಯಿತಲ್ಲವೇ? ಗ್ಲಾಕ್‌ನ ನಾಲಿಗೆ ಇದ್ದಿದ್ದರೆ ಅಲ್ಲೇ ತಡೆಯುತ್ತಿತ್ತು. ಕಂಪನಿ ಕಂಡುಕೊಂಡ ಪರಿಹಾರ ಬೇರೆ: ಟ್ರಿಗರ್, ಸಿಯರ್, ಸ್ಟ್ರೈಕರ್ ಮೂರನ್ನೂ ಹಗುರ ಮಾಡಿ ಒಂದು ಡಿಸ್ಕನೆಕ್ಟರ್ (ಸ್ಲೈಡ್ ಪೂರ್ತಿ ಮುಚ್ಚದಿದ್ದರೆ ಟ್ರಿಗರ್‌ನ ಕೊಂಡಿ ಬಿಡಿಸುವ ಭಾಗ) ಸೇರಿಸಿತು. ನಾಲಿಗೆ ಬರಲಿಲ್ಲ.

ಈಗ ಸ್ವಾರಸ್ಯ ನೋಡಿ. ಅಮೆರಿಕದ ಬಂದೂಕು ಉದ್ಯಮ ತನಗೆ ತಾನೇ ಬರೆದುಕೊಂಡ ಮಾನದಂಡದ ಪ್ರಕಾರ ಪಿಸ್ತೂಲನ್ನು ನಾಲ್ಕು ಅಡಿ ಎತ್ತರದಿಂದ, ಕಾಂಕ್ರೀಟಿನ ಮೇಲೆ ಹಾಸಿದ ಒಂದು ಇಂಚು ದಪ್ಪದ ರಬ್ಬರಿಗೆ, ಆರು ದಿಕ್ಕಿನಲ್ಲಿ ಬೀಳಿಸಿ ನೋಡಬೇಕು. ನಳಿಕೆ ಮೇಲಾಗಿ, ಕೆಳಗಾಗಿ, ಎಡಕ್ಕೆ, ಬಲಕ್ಕೆ, ಹೀಗೆ. ಪಿ320 ಆರರಲ್ಲೂ ಪಾಸು. ಅದು ಸಿಡಿಯುತ್ತಿದ್ದುದು ಆ ಆರರ ನಡುವಿನ ಒಂದು ಓರೆಯಲ್ಲಿ. ಕೈ ಜಾರಿದ ಪಿಸ್ತೂಲು ಮಾನದಂಡದ ಪುಸ್ತಕ ಓದಿಕೊಂಡು ಬೀಳುತ್ತದೆಯೇ?

ನನಗೆ ಸಿಟ್ಟು ಬರಿಸಿದ್ದು ಇದಲ್ಲ. ರಕ್ಷಣಾ ಇಲಾಖೆಯ ಪರೀಕ್ಷಾ ವಿಭಾಗದ ವರದಿ 2018ರ ಜನವರಿಯಲ್ಲಿ ಹೊರಬಂತು. ಸೇನೆ ತನ್ನ ಪರೀಕ್ಷೆಯಲ್ಲಿ ಇದೇ ದೋಷ ಕಂಡಿತ್ತು, ಕಂಪನಿ ಸೇನೆಯ ಪಿಸ್ತೂಲುಗಳಿಗೆ ಹಗುರ ಭಾಗಗಳನ್ನು ಹಾಕಿಕೊಟ್ಟಿತ್ತು ಎಂದು ಅದರಲ್ಲಿದೆ. ಅಂಗಡಿಯಲ್ಲಿ ಕೊಂಡವನಿಗೆ ಅವು ಸಿಕ್ಕಿದ್ದು ವಿಡಿಯೊ ಹರಿದಾಡಿದ ಮೇಲೆ.

ಸಂಶಯಾತ್ಮ

2017ರ ದೋಷ ನಿಜ. ಒಪ್ಪಿದೆ. ಸರಿಪಡಿಸಿದರು. ಅದನ್ನು ಹಿಡಿದುಕೊಂಡು 2025ರ ದೂರನ್ನು ಸಾಬೀತು ಮಾಡಲಾಗದು. ಸುಧಾರಿಸಿದ ಪಿಸ್ತೂಲು ಟ್ರಿಗರ್ ಮುಟ್ಟದೆ ಸಿಡಿದದ್ದನ್ನು ಯಾವ ಪ್ರಯೋಗಾಲಯ ಮಾಡಿ ತೋರಿಸಿದೆ?

ಮಿಷಿಗನ್ ಕನ್ನಡಿಗ

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2024ರಲ್ಲಿ ಮಿಷಿಗನ್ ರಾಜ್ಯ ಪೊಲೀಸನೊಬ್ಬನ ಹೋಲ್‌ಸ್ಟರ್‌ನಲ್ಲಿದ್ದ ಎಂ18 ಸಿಡಿಯಿತು. ಅದನ್ನು ಎಫ್‌ಬಿಐನ ಬ್ಯಾಲಿಸ್ಟಿಕ್ ಪ್ರಯೋಗಾಲಯಕ್ಕೆ ಕಳಿಸಿದರು. ಅಧಿಕಾರಿಗಳ ದೈನಂದಿನ ಓಡಾಟದಲ್ಲಿ ಆಗುವಂತಹ ಅಲುಗಾಟದಿಂದ ಸ್ಟ್ರೈಕರ್ ತಡೆ ನಿಷ್ಕ್ರಿಯವಾಗುವ ಸಾಧ್ಯತೆ ಇದೆ, ಹೆಚ್ಚಿನ ಪರಿಶೀಲನೆ ಬೇಕು ಎಂದು ಅವರು ಬರೆದರು. ಆಮೇಲಿನ ಪರೀಕ್ಷೆಗಳಲ್ಲಿ ಹಾಗಾಗಲಿಲ್ಲ ಎಂಬುದು ಕಂಪನಿಯ ವಾದ. ವಲಸೆ ಇಲಾಖೆಯ ಪೊಲೀಸರು, ಅಂದರೆ ಐಸ್, 2025ರ ಜುಲೈನಲ್ಲಿ ಪಿ320 ಬಳಕೆಯನ್ನೇ ನಿಷೇಧಿಸಿದರು. ಅವರು ಕರುಣಾಳುಗಳೆಂದು ಯಾರೂ ಹೇಳುವುದಿಲ್ಲ.

ಸಂಶಯಾತ್ಮ

"ಸಾಧ್ಯತೆ ಇದೆ" ಎಂಬುದು "ಆಯಿತು" ಅಲ್ಲ.

ತೋಟದ ಮನೆ, ಮಡಿಕೇರಿ

ನಮ್ಮ ಸೇನೆಯೂ ಇದೇ ಕಂಪನಿಯಿಂದ ಕೊಂಡಿದೆಯಲ್ಲವೇ? ಆ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ನಿವೃತ್ತ ಆರ್ಮರರ್

ಕೊಂಡದ್ದು ಸಿಗ್ 716 ರೈಫಲ್, 2019ರಲ್ಲಿ 72,400. ಅದು ಹ್ಯಾಮರ್ ಇರುವ, ಪೂರ್ತಿ ಬೇರೆ ಯಂತ್ರ. ಪಿ320ರ ದೋಷವನ್ನು ಅದಕ್ಕೆ ಅಂಟಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಆಗಲೇ ಯಾರೋ ಅಂಟಿಸಿ ಹರಿಬಿಟ್ಟಿದ್ದಾರೆ.

ರಾತ್ರಿಪಾಳಿ, ಹ್ಯೂಸ್ಟನ್

ಈ ಚರ್ಚೆಯಲ್ಲಿ ಪಿ320 ಇಟ್ಟುಕೊಂಡಿರುವವಳು ನಾನೊಬ್ಬಳೇ ಇರಬೇಕು. ಆಸ್ಪತ್ರೆಯಲ್ಲಿ ನರ್ಸ್, ಪಾಳಿ ಮುಗಿಯುವುದು ಸರಿರಾತ್ರಿ. ಆಸ್ಪತ್ರೆಯೊಳಗೆ ತರುವಂತಿಲ್ಲ, ಕಾರಿನ ಲಾಕ್ ಪೆಟ್ಟಿಗೆಯಲ್ಲಿ ಇರುತ್ತದೆ. ಹಳೆಯದನ್ನೇ ಕೊಂಡದ್ದು, 2016ರಲ್ಲಿ ತಯಾರಾದದ್ದು. ಹೆಬ್ಬೆರಳ ಸೇಫ್ಟಿ ಇರುವುದು ಕೊಡಿ ಎಂದು ಕೇಳಿದ್ದೆ. ಅಂಗಡಿಯವನು, "ಆಪತ್ತಿನಲ್ಲಿ ಸೇಫ್ಟಿ ತೆಗೆಯುವುದೇ ಮರೆತುಹೋಗುತ್ತದೆ ಮೇಡಂ, ನಿಮ್ಮ ಬೆರಳೇ ಸೇಫ್ಟಿ" ಎಂದ.

ಆಗ ಆ ಮಾತು ಬಹಳ ಚೆನ್ನಾಗಿ ಕೇಳಿಸಿತು. ಈಗ ಅದರ ಅರ್ಥ ಬೇರೆ ಹೊಳೆಯುತ್ತಿದೆ. ಬೆರಳೇ ಸೇಫ್ಟಿ ಎಂದಮೇಲೆ ಏನೇ ಆದರೂ ತಪ್ಪು ಬೆರಳಿನದೇ ಆಗುತ್ತದೆ, ಯಂತ್ರದ್ದು ಎಂದೂ ಆಗುವುದಿಲ್ಲ. ಆಸ್ಪತ್ರೆಯಲ್ಲಿ ನಾವು ಹೀಗೆ ಕೆಲಸ ಮಾಡುವುದಿಲ್ಲ. ಆಮ್ಲಜನಕದ ಕೊಳವೆಯನ್ನು ಬೇರೆ ಅನಿಲದ ತೂತಿಗೆ ಹಾಕಲು ಹೋದರೂ ಅದು ಕೂಡುವುದೇ ಇಲ್ಲ, ಜೋಡಣೆಗಳನ್ನೇ ಬೇರೆ ಬೇರೆ ಮಾಡಿಟ್ಟಿದ್ದಾರೆ. ಹದಿನಾರನೆಯ ಗಂಟೆಯಲ್ಲಿ ನಿಂತ ನರ್ಸ್ ಎಚ್ಚರವಾಗಿರುತ್ತಾಳೆ ಎಂದು ಯಾರೂ ನಂಬಿ ಕೂತಿಲ್ಲ.

ಮಿಷಿಗನ್ ಕನ್ನಡಿಗ

ರಾತ್ರಿಪಾಳಿಯವರು ನನ್ನ ಬಾಯಿಂದ ಮಾತು ಕಸಿದುಕೊಂಡರು. ಸಂಶಯಾತ್ಮ ಅವರೇ, ನಿಮ್ಮ ವಾದವನ್ನು ಪೂರ್ತಿ ಒಪ್ಪಿಕೊಂಡೇ ಮಾತಾಡುತ್ತೇನೆ. ಪ್ರತಿಯೊಂದು ಪ್ರಕರಣದಲ್ಲೂ ಟ್ರಿಗರ್‌ಗೆ ಏನೋ ತಾಗಿತ್ತು ಎನ್ನೋಣ. ಬೆರಳು, ಬಟ್ಟೆ, ಕೀ, ಏನಾದರೂ. ಆಗಲೂ ಪಿಸ್ತೂಲು ನಿರ್ದೋಷಿಯಲ್ಲ.

ನಮ್ಮ ಉದ್ಯಮದ ಕಥೆ ಹೇಳುತ್ತೇನೆ. 1980ರ ದಶಕದಲ್ಲಿ ಆಡಿ 5000 ಕಾರು ನಿಂತಲ್ಲಿಂದ ತಾನಾಗಿ ನುಗ್ಗುತ್ತದೆ ಎಂದು ರಾಶಿ ದೂರು ಬಂತು. ಜನ ಸತ್ತರು. ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ 1989ರಲ್ಲಿ ಕೊಟ್ಟ ವರದಿಯ ಪ್ರಕಾರ ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದರು. ಅಂದರೆ ಕಂಪನಿ ಹೇಳಿದ್ದೇ ಹೆಚ್ಚುಕಡಿಮೆ ಸರಿ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬ್ರೇಕ್ ತುಳಿಯದೆ ಗೇರ್ ಪಾರ್ಕ್‌ನಿಂದ ಹೊರಬರದಂತೆ ಒಂದು ಕೊಂಡಿ ಹಾಕಿದರು. ಇವತ್ತು ಇಲ್ಲಿನ ಪ್ರತಿಯೊಂದು ಆಟೊಮ್ಯಾಟಿಕ್ ಕಾರಿನಲ್ಲೂ ಅದಿದೆ. ಮನುಷ್ಯನ ಕಾಲು ಸುಧಾರಿಸಲಿಲ್ಲ. ಕಾಲು ತಪ್ಪಿದರೂ ಕಾರು ನುಗ್ಗದಂತೆ ಆಯಿತು, ಅಷ್ಟೇ.

"ಟ್ರಿಗರ್ ಎಳೆಯಲಾಯಿತೇ ಇಲ್ಲವೇ" ಎಂದು ಹತ್ತು ವರ್ಷ ಜಗಳವಾಡಿದರೆ ಲಾಭ ಕಂಪನಿಗೆ, ಏಕೆಂದರೆ ಅದನ್ನು ಸಾಬೀತು ಮಾಡುವುದು ಕಷ್ಟ. "ಎಷ್ಟು ಕಡಿಮೆ ತಾಗಿದರೆ ಇದು ಸಿಡಿಯುತ್ತದೆ, ಪಕ್ಕದ ಅಂಗಡಿಯ ಪಿಸ್ತೂಲು ಅಷ್ಟಕ್ಕೇ ಸಿಡಿಯುತ್ತದೆಯೇ" ಎಂದು ಕೇಳಿ. ಅದನ್ನು ಅಳೆಯಬಹುದು.

ಕರಿ ಕೋಟು

ತಡವಾಗಿ ಬಂದೆ. ಮಿಷಿಗನ್‌ನವರು ಹೇಳಿದ್ದೇ ನ್ಯಾಯಾಲಯದಲ್ಲೂ ನಡೆದಿದೆ. ಮೊದಮೊದಲು ಫಿರ್ಯಾದಿಗಳು "ತಾನಾಗಿ ಸಿಡಿಯಿತು" ಎಂದು ಹೋದರು. 2022ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಜ್ಯೂರಿ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಆಮೇಲೆ ವಾದದ ದಿಕ್ಕು ಬದಲಾಯಿತು: ಪೂರ್ತಿ ಬಿಗಿದಿರುವ ಸ್ಟ್ರೈಕರ್‌ಗೆ ನಾಲಿಗೆಯೂ ಇಲ್ಲದ, ಹೆಬ್ಬೆರಳ ಸೇಫ್ಟಿಯೂ ಇಲ್ಲದ ಟ್ರಿಗರ್ ಕೊಟ್ಟದ್ದೇ ವಿನ್ಯಾಸದ ದೋಷ. 2024ರ ಜೂನ್‌ನಲ್ಲಿ ಜಾರ್ಜಿಯಾದ ಜ್ಯೂರಿ 23.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅದೇ ನವೆಂಬರ್‌ನಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಒಬ್ಬ ಮಾಜಿ ಸೈನಿಕನಿಗೆ 1.1 ಕೋಟಿ ಡಾಲರ್ ಕೊಡಿಸಿತು. ಆತ ಹೋಲ್‌ಸ್ಟರ್ ಸಮೇತ ಪಿಸ್ತೂಲನ್ನು ಪ್ಯಾಂಟಿನ ಜೇಬಿನಲ್ಲಿಟ್ಟು, ಜಿಪ್ ಎಳೆದು, ಮನೆಯ ಮೆಟ್ಟಿಲು ಇಳಿಯುತ್ತಿದ್ದ.

ಕಂಪನಿ ಏನು ಮಾಡಿತು ಗೊತ್ತೇ? ಕಂಪನಿಯ ಕೇಂದ್ರ ಕಚೇರಿ ಇರುವುದು ನ್ಯೂ ಹ್ಯಾಂಪ್‌ಷೈರ್‌ನ ನ್ಯೂಯಿಂಗ್ಟನ್‌ನಲ್ಲಿ. 2025ರ ಮೇ ತಿಂಗಳಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಹೊರಗಿನ ಸೇಫ್ಟಿ ಇಲ್ಲ ಎಂಬ ಕಾರಣಕ್ಕೆ ಬಂದೂಕು ತಯಾರಕರ ಮೇಲೆ ದಾವೆ ಹೂಡುವಂತಿಲ್ಲ! ಪಿಸ್ತೂಲಿಗೆ ಇಲ್ಲದ ಸೇಫ್ಟಿ ಕಂಪನಿಗೆ ಸಿಕ್ಕಿತು.

ಇನ್ನು ಸರ್ಕಾರ ಏಕೆ ವಾಪಸ್ ಪಡೆಸುವುದಿಲ್ಲ ಎಂದು ಕೇಳುವಿರಿ. ಪಡೆಸಲಾರದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1972ರ ಕಾಯ್ದೆಯಿಂದ ಹುಟ್ಟಿದ್ದು. ಅದೇ ಕಾಯ್ದೆ ಬಂದೂಕನ್ನು ಆಯೋಗದ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಟೋಸ್ಟರ್ ಸುಟ್ಟರೆ ಆಯೋಗ ಕೇಳುತ್ತದೆ. ಮಕ್ಕಳು ಆಡುವ ಗಾಳಿ ಬಂದೂಕಿನ ದೋಷಕ್ಕಾಗಿ ಡೈಸಿ ಕಂಪನಿಯ ಮೇಲೆ 2001ರಲ್ಲಿ ಕ್ರಮಕ್ಕೆ ಮುಂದಾಗಿತ್ತು. ನಿಜವಾದ ಪಿಸ್ತೂಲಿನ ಮೇಲೆ ಅದಕ್ಕೆ ಅಧಿಕಾರವಿಲ್ಲ, ಬೇರೆ ಯಾವ ಒಕ್ಕೂಟ ಸಂಸ್ಥೆಗೂ ಇಲ್ಲ. ಆದ್ದರಿಂದ 2017ರಲ್ಲಿ ನಡೆದದ್ದು ಕಂಪನಿಯೇ ಕರೆದಂತೆ "ಸ್ವಯಂಪ್ರೇರಿತ ಸುಧಾರಣೆ". ಮಾಲೀಕ ತಾನಾಗಿ ಕೇಳಿ ಕಳಿಸಿದರೆ ಸರಿಪಡಿಸುತ್ತಾರೆ, ಕಳಿಸದಿದ್ದರೆ ಇಲ್ಲ.

ಸಂಶಯಾತ್ಮ

ಜ್ಯೂರಿಯಲ್ಲಿ ಕೂರುವವರು ಎಂಜಿನಿಯರ್‌ಗಳಲ್ಲ. ಗ್ಲಾಕ್ ಪರಮ ಸುರಕ್ಷಿತ ಎಂದು ಎಲ್ಲರೂ ಹಾಡುತ್ತಿದ್ದೀರಿ. ವಾಷಿಂಗ್ಟನ್ ಡಿಸಿ ಪೊಲೀಸರು 1980ರ ದಶಕದ ಕೊನೆಗೆ ಗ್ಲಾಕ್‌ಗೆ ಬದಲಾದರು. ಹತ್ತು ವರ್ಷಗಳಲ್ಲಿ ಆಕಸ್ಮಿಕವಾಗಿ ಗುಂಡು ಹಾರಿದ ಪ್ರಕರಣ ನೂರು ದಾಟಿದವು. ನಾಲಿಗೆ ಇದ್ದೂ! ತರಬೇತಿ ಸಾಲದೆ ಆದದ್ದು ಎಂದು ಆಗ ಎಲ್ಲರೂ ಒಪ್ಪಿದ್ದರು. ಈಗ ಸಿಗ್ ಹೆಸರು ಬಂದಾಗ ಮಾತ್ರ ವಿನ್ಯಾಸ ನೆನಪಾಗುತ್ತದೆ.

ನಿವೃತ್ತ ಆರ್ಮರರ್

ಇದು ಸರಿಯಾದ ಪೆಟ್ಟು. ಗ್ಲಾಕ್‌ನ ಭಕ್ತರಿಗೆ ನಾನೂ ಒಂದು ಮಾತು ಹೇಳಬೇಕಿತ್ತು. ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಎಳೆಯಲೇಬೇಕು. ಖಾಲಿ ಎಂದುಕೊಂಡು ಎಳೆದು ಅಂಗೈ ತೂತು ಮಾಡಿಕೊಂಡವರಿದ್ದಾರೆ. ಪಿ320 ಬಿಚ್ಚಲು ಟ್ರಿಗರ್ ಮುಟ್ಟಬೇಕಾಗಿಲ್ಲ. ಆ ಒಂದು ವಿಷಯದಲ್ಲಿ ಸಿಗ್ ಎಂಜಿನಿಯರ್‌ಗಳು ಹೆಚ್ಚು ಯೋಚಿಸಿದ್ದಾರೆ. ಅಷ್ಟು ಯೋಚಿಸಿದವರು ಟ್ರಿಗರ್ ಬೋಳು ಬಿಟ್ಟದ್ದೇ ನನಗೆ ಆಶ್ಚರ್ಯ.

ಆದರೆ ತರಬೇತಿಯ ಮೇಲೆ ಎಲ್ಲ ಭಾರ ಹಾಕುವವರಿಗಾಗಿ ಒಂದು ಘಟನೆ. ಆಯುಧ ಹಿಂದಿರುಗಿಸುವಾಗ ಬೆಲ್ ಆಫ್ ಆರ್ಮ್ಸ್ (ಆಯುಧದ ಕೋಣೆ) ಮುಂದೆ ಮರಳಿನ ಪೆಟ್ಟಿಗೆ ಇಡುತ್ತೇವೆ. ನಳಿಕೆಯನ್ನು ಅದರತ್ತ ಹಿಡಿದು ಖಾಲಿ ಮಾಡಬೇಕು. ಬಂದೋಬಸ್ತ್ ಮುಗಿಸಿ ಬಂದ ಕಾನ್‌ಸ್ಟೆಬಲ್ ಒಬ್ಬ, ಹದಿನೈದು ವರ್ಷದ ಅನುಭವಿ, ಸ್ಲೈಡ್ ಎಳೆದ. ಒಂದು ತೋಟಾ ಹೊರಗೆ ಚಿಮ್ಮಿ ಬಿತ್ತು. ಅದನ್ನು ಬಗ್ಗಿ ಎತ್ತಿ ಮೇಜಿನ ಮೇಲಿಟ್ಟ. ಸ್ಪ್ರಿಂಗ್ ಸಡಿಲಿಸಲು ನಿಯಮದ ಪ್ರಕಾರ ಟ್ರಿಗರ್ ಎಳೆದ. ಮರಳು ನನ್ನ ಕನ್ನಡಕಕ್ಕೆ ಸಿಡಿಯಿತು. ತೋಟಾ ತುಂಬಿದ ಮ್ಯಾಗಜಿನ್ ತೆಗೆಯುವ ಮೊದಲೇ ಸ್ಲೈಡ್ ಎಳೆದಿದ್ದ, ಹಾಗಾಗಿ ಒಂದು ಹೊರಗೆ ಬಂದರೂ ಇನ್ನೊಂದು ಒಳಗೆ ಹೋಗಿತ್ತು. ಅವನಿಗೆ ತರಬೇತಿ ಇಲ್ಲದೆ ಏನಿರಲಿಲ್ಲ. ಎರಡು ರಾತ್ರಿ ನಿದ್ದೆ ಇರಲಿಲ್ಲ. ಅವತ್ತು ಅವನನ್ನು ಉಳಿಸಿದ್ದು ಮರಳಿನ ಪೆಟ್ಟಿಗೆ. ತಪ್ಪು ಆಗಿಯೇ ಆಗುತ್ತದೆ ಎಂದು ಮೊದಲೇ ತಿಳಿದವರು ಇಟ್ಟ ಪೆಟ್ಟಿಗೆ ಅದು.

ನಡುಮನೆ

2024ರ ಅಕ್ಟೋಬರ್‌ನಲ್ಲಿ ಹಿಂದಿ ನಟ ಗೋವಿಂದ ಅವರ ರಿವಾಲ್ವರ್ ಕೈಜಾರಿ ಗುಂಡು ಕಾಲಿಗೆ ಬಿತ್ತಲ್ಲ, ಅದೂ ಇದೇ ಜಾತಿಯ ದೋಷವೇ?

ನಿವೃತ್ತ ಆರ್ಮರರ್

ಆ ರಿವಾಲ್ವರನ್ನು ಪರೀಕ್ಷಿಸಿದವರು ಹೇಳಬೇಕಾದ ಮಾತು ಅದು. ಸಾಮಾನ್ಯವಾಗಿ ಹೇಳುವುದಾದರೆ, ಹಳೆಯ ವಿನ್ಯಾಸದ ಎಷ್ಟೋ ರಿವಾಲ್ವರ್‌ಗಳಲ್ಲಿ ಹ್ಯಾಮರ್ ಕೇಪಿನ ಮೇಲೇ ಕೂತಿರುತ್ತದೆ. ಹ್ಯಾಮರ್ ಕೆಳಗಾಗಿ ಬಿದ್ದರೆ ಸಿಡಿಯಬಹುದು. ಆದ್ದರಿಂದಲೇ ಹಿಂದಿನವರು ಆರು ಮನೆಯ ರಿವಾಲ್ವರ್‌ಗೆ ಐದೇ ತೋಟಾ ಹಾಕಿ, ಹ್ಯಾಮರ್ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು. ಅಮೆರಿಕದ ರೂಗರ್ ಕಂಪನಿಯ ಹಳೆಯ ಸಿಂಗಲ್ ಆ್ಯಕ್ಷನ್ (ಪ್ರತಿ ಸಲ ಹ್ಯಾಮರನ್ನು ಕೈಯಿಂದ ಎತ್ತಬೇಕಾದ) ರಿವಾಲ್ವರ್‌ಗಳಿಗೆ ಇದೇ ಕಾಯಿಲೆ ಇತ್ತು. 1973ರಲ್ಲಿ ಟ್ರಾನ್ಸ್‌ಫರ್ ಬಾರ್ ಎಂಬ ಪಟ್ಟಿ ಹಾಕಿದ ಹೊಸ ಮಾದರಿ ತಂದರು. ಟ್ರಿಗರ್ ಎಳೆದಾಗ ಮಾತ್ರ ಆ ಪಟ್ಟಿ ಹ್ಯಾಮರ್‌ಗೂ ಕೇಪಿಗೆ ಬಡಿಯುವ ಪಿನ್ನಿಗೂ ನಡುವೆ ಬಂದು ಪೆಟ್ಟನ್ನು ದಾಟಿಸುತ್ತದೆ. ಹಳೆಯದನ್ನೂ ಪುಕ್ಕಟೆಯಾಗಿ ಬದಲಿಸಿಕೊಡುತ್ತೇವೆ ಎಂದು ದಶಕಗಳ ಕಾಲ ಜಾಹೀರಾತು ಕೊಟ್ಟರು.

ತೋಟದ ಮನೆ, ಮಡಿಕೇರಿ

ಕೊಡಗಿನಲ್ಲಿ ಪಿಸ್ತೂಲಿಗಿಂತ ಕೋವಿಯೇ ಹೆಚ್ಚು, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಯೂ ಅದಕ್ಕೇ. ಆದರೂ ಈ ಚರ್ಚೆ ನಮಗೆ ದೂರದ್ದಲ್ಲ. ಜೋಡಿ ನಳಿಕೆಯ ಹಳೆಯ ಕೋವಿಯ ಸೇಫ್ಟಿ ಹಾಕಿದೆ ಎಂದು ಧೈರ್ಯವಾಗಿ ಬೇಲಿ ಹಾರುವವರನ್ನು ನೋಡಿದ್ದೇನೆ. ಅವುಗಳಲ್ಲಿ ಬಹುಪಾಲಿನ ಸೇಫ್ಟಿ ಟ್ರಿಗರನ್ನು ಮಾತ್ರ ಹಿಡಿಯುತ್ತದೆ, ಒಳಗಿನ ಹ್ಯಾಮರನ್ನು ಹಿಡಿಯುವುದಿಲ್ಲ. ಕೋವಿ ಬಂಡೆಗೆ ಬಡಿದರೆ ಸಿಯರ್ ಜಾರಬಹುದು. ನಮ್ಮ ಅಜ್ಜ ಬೇಲಿ ಬಂದರೆ ಸಾಕು, ಕೋವಿಯ ನಳಿಕೆ ಬಾಗಿಸಿ ತೆರೆದು ತೋಟಾ ಜೇಬಿಗೆ ಹಾಕಿಯೇ ದಾಟುತ್ತಿದ್ದರು.

ಇನ್ನೊಂದು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಒಂದು ಸಲ ನನ್ನದು ಮಳೆಗಾಲದ ತೇವದಲ್ಲಿ ಕೂತು ತಿರುಗಿ ಬಂದಾಗ ಸೇಫ್ಟಿ ಅಂಟಿಕೊಂಡಿತ್ತು. ಸರಿಮಾಡಿಸಿದೆ. ತುಕ್ಕು, ಸವೆತದಿಂದ ಅಷ್ಟು ಗಟ್ಟಿ ಕೋವಿಯೇ ಹೀಗಾಗುವುದಾದರೆ, ಉಗುರಿನ ಅಂಚಿನಷ್ಟು ಹಿಡಿತದ ಪಿಸ್ತೂಲಿನ ಗತಿ ಏನು ಎಂದು ಆರ್ಮರರ್ ಅವರನ್ನು ಕೇಳಬೇಕಿತ್ತು.

ಮಿಷಿಗನ್ ಕನ್ನಡಿಗ

ತೋಟದ ಮನೆಯವರ ಪ್ರಶ್ನೆಗೆ ಸಂಶಯಾತ್ಮ ಅವರು ತಂದ ವಯೋಮಿಂಗ್ ಪ್ರಕರಣದಲ್ಲೇ ಉತ್ತರವಿದೆ. ಆ ಸಾವಿಗೆ ಕಾರಣ ಮನುಷ್ಯನೇ, ನಿಜ. ಆದರೆ ಆ ನೆಪದಲ್ಲಿ ವಾಯುಪಡೆಯ ಕಮಾಂಡ್ ತನ್ನ ಸುಮಾರು ಎಂಟು ಸಾವಿರ ಎಂ18ಗಳನ್ನು ತಪಾಸಣೆ ಮಾಡಿತು. 191ರಲ್ಲಿ ಸೇಫ್ಟಿ ಸನ್ನೆ, ಸಿಯರ್, ಸ್ಟ್ರೈಕರ್ ಭಾಗಗಳು ಸವೆದಿದ್ದವು. ಸರಿಪಡಿಸಿ ಬಳಕೆಗೆ ಮರಳಿಸಿದರು. ಸೇನೆಗೆ ಆರ್ಮರರ್ ಇದ್ದಾನೆ, ತಪಾಸಣೆಯ ಪಟ್ಟಿ ಇದೆ. ರಾತ್ರಿಪಾಳಿಯವರ ಕಾರಿನ ಪೆಟ್ಟಿಗೆಯಲ್ಲಿರುವ ಪಿಸ್ತೂಲಿನ ಸಿಯರ್ ನೋಡುವವರು ಯಾರು?

ಸಂಶಯಾತ್ಮ

ಎಂಟು ಸಾವಿರದಲ್ಲಿ 191, ಅವುಗಳಲ್ಲಿ ಒಂದೂ ತಾನಾಗಿ ಸಿಡಿಯಲಿಲ್ಲ ಎಂಬುದನ್ನೂ ಸೇರಿಸಿ ಬರೆಯಿರಿ.

ನನ್ನ ನಿಲುವು ಬದಲಾಗಿಲ್ಲ: ಟ್ರಿಗರ್ ಮುಟ್ಟದೆ ಸಿಡಿದದ್ದು ಸಾಬೀತಾಗಿಲ್ಲ. ಆದರೆ ನನ್ನ ತಂಗಿ ಇಂಥದ್ದು ಕೊಳ್ಳುತ್ತೇನೆ ಎಂದರೆ ನಾಲಿಗೆ ಇರುವುದನ್ನೋ ಹೆಬ್ಬೆರಳ ಸೇಫ್ಟಿ ಇರುವುದನ್ನೋ ಕೊಳ್ಳು ಎನ್ನುತ್ತೇನೆ. ಎರಡೂ ಮಾತಿಗೆ ವಿರೋಧವಿಲ್ಲ.

ಮಿಷಿಗನ್ ಕನ್ನಡಿಗ

ವಿರೋಧವಿಲ್ಲ. ತಂಗಿಗೆ ಹೇಳುವುದನ್ನು ಕಂಪನಿಗೂ ಹೇಳಿ ಎನ್ನುವುದಷ್ಟೇ ನನ್ನ ಜಗಳ.

ಕರಿ ಕೋಟು

ಒಂದು ಪೂರಕ ಮಾಹಿತಿ, ಭಾರತದಲ್ಲಿ ಕೊಳ್ಳುವವರಿಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವಿದೆ. ಅಪಾಯಕಾರಿ ಸರಕನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಅಮೆರಿಕದ ಆಯೋಗಕ್ಕೆ ಕೊಟ್ಟಂತಹ "ಬಂದೂಕು ಬಿಟ್ಟು" ಎಂಬ ಗೆರೆ ಈ ಅಧಿಕಾರ ಕೊಡುವ ಸೆಕ್ಷನ್‌ನಲ್ಲಿ ಇಲ್ಲ. ಕೊಂಡ ರಸೀದಿ, ಪರವಾನಗಿಯ ನಮೂದು, ದುರಸ್ತಿಯ ಚೀಟಿ ಮೂರನ್ನೂ ಜೋಪಾನವಾಗಿಡಿ.

ರಾತ್ರಿಪಾಳಿ, ಹ್ಯೂಸ್ಟನ್

ಆರ್ಮರರ್ ಸರ್, ನನ್ನದು 2016ರದ್ದು ಎಂದೆನಲ್ಲ. ಹಿಂದಿನ ಮಾಲೀಕ ಅದನ್ನು ಸುಧಾರಣೆಗೆ ಕಳಿಸಿದ್ದನೋ ಇಲ್ಲವೋ ಹೇಗೆ ತಿಳಿಯುವುದು?

ನಿವೃತ್ತ ಆರ್ಮರರ್

ತಂಗೀ, ಮೊದಲು ಮ್ಯಾಗಜಿನ್ ತೆಗೆಯಿರಿ. ಆಮೇಲೆ ಸ್ಲೈಡ್ ಎಳೆದು ಹಿಡಿದು ಚೇಂಬರ್‌ನಲ್ಲಿ (ನಳಿಕೆಯ ಬುಡದಲ್ಲಿ ತೋಟಾ ಕೂರುವ ಮನೆಯಲ್ಲಿ) ಏನೂ ಇಲ್ಲವೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ. ಈ ಕ್ರಮ ತಪ್ಪಬಾರದು. ನಂತರ ಟ್ರಿಗರ್‌ನ ಹಿಂಬದಿ ನೋಡಿ, ಹಳೆಯದು ದಪ್ಪ, ಸುಧಾರಿಸಿದ್ದು ಕೊರೆದು ತೆಳ್ಳಗೆ ಮಾಡಿದ್ದು. ಅನುಮಾನವಿದ್ದರೆ ಸೀರಿಯಲ್ ಸಂಖ್ಯೆಯನ್ನು ಕಂಪನಿಗೆ ಕೊಟ್ಟು ಕೇಳಿ. ಆಗಿಲ್ಲವಾದರೆ ಅವರೇ ಖರ್ಚು ಕೊಟ್ಟು ತರಿಸಿಕೊಳ್ಳುತ್ತಾರೆ. ಅದು ವಾಪಸ್ ಬರುವವರೆಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಮತ್ತೆ ಹೋಲ್‌ಸ್ಟರ್ ಯಾವುದು? ಪಿಸ್ತೂಲಿಗೆ ದೀಪ ಸಿಕ್ಕಿಸಿಕೊಳ್ಳುವ ಅಗಲ ಬಾಯಿಯದಾದರೆ ಟ್ರಿಗರ್ ಪಕ್ಕದಲ್ಲಿ ಸಂದು ಉಳಿಯುತ್ತದೆ, ಕೀಲಿಗೊಂಚಲು ನುಸುಳುವಷ್ಟು.

ರಾತ್ರಿಪಾಳಿ, ಹ್ಯೂಸ್ಟನ್

ಅಗಲ ಬಾಯಿಯದೇ ಸರ್, ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡದ್ದು. ಟ್ರಿಗರ್‌ನ ಹಿಂಬದಿ ದಪ್ಪವೇ ಇದೆ. ಸೋಮವಾರ ಫೋನ್ ಮಾಡುತ್ತೇನೆ.